ಅವಳ ಫೋಟೋದಲ್ಲಿ ನನ್ನಮ್ಮ

ಜೂನ್ ೪, ಸಂಜೆ

ಇವತ್ತೂ ಸ್ಪಾಟಿಂಗ್. ಒಂದು ಕಟ್ಟು ಪ್ರಿಂಟ್. ಅದರಲ್ಲಿ ನನ್ನದು ಒಂದೂ ಇಲ್ಲ.

ನೆಗೆಟಿವ್ ಮೇಲೆ ಧೂಳು ಕೂತಿದ್ದರೆ ಪ್ರಿಂಟ್‌ನಲ್ಲಿ ಅದು ಬಿಳಿ ಚುಕ್ಕೆಯಾಗಿ ಬೀಳುತ್ತದೆ. ಸಣ್ಣ ಬ್ರಷ್ಷಿನ ತುದಿಯಲ್ಲಿ ಮಸಿ ತೆಗೆದುಕೊಂಡು, ಸುತ್ತಲಿನ ಬಣ್ಣಕ್ಕೆ ಹೊಂದುವ ಹಾಗೆ ಚುಕ್ಕೆ ತುಂಬಬೇಕು. ಫೋಟೋಗ್ರಫಿ ಕ್ಲಾಸಿನವರೆಲ್ಲ ನನ್ನ ಹತ್ತಿರವೇ ತರುತ್ತಾರೆ. ನನ್ನ ಕೈ ನಡುಗುವುದಿಲ್ಲವಂತೆ. ಕೈ ನಡುಗುವುದಿಲ್ಲ, ನಿಜ. ಬಾಯಿ ನಡುಗುತ್ತದೆ. 'ಆಗಲ್ಲ' ಎನ್ನಲು ಬರುವುದಿಲ್ಲ.

ಮೇಷ್ಟ್ರು ಎರಡು ರಟ್ಟು ತಂದಿದ್ದರು. ಒಂದು ಕಪ್ಪು, ಒಂದು ಬಿಳಿ. ಒಂದೊಂದರ ನಡುಮಧ್ಯದಲ್ಲೂ ಒಂದು ಬೂದು ಕಾಗದದ ತುಂಡು ಅಂಟಿಸಿತ್ತು. ಯಾವ ತುಂಡು ಹೆಚ್ಚು ಕಪ್ಪು ಎಂದು ಕೇಳಿದರು. ಎರಡೂ ಒಂದೇ ಎಂದು ನನಗೆ ಗೊತ್ತಾಯಿತು. ಸ್ಪಾಟಿಂಗ್ ಮಾಡಿ ಮಾಡಿ, ಕಣ್ಣು ಕಿರಿದು ಮಾಡಿ ನೋಡುವುದು ಅಭ್ಯಾಸವಾಗಿದೆ. ಹೇಳಲಿಲ್ಲ.

ಹಾಸ್ಟೆಲ್‌ನಿಂದ ಬರುವ ಹೊಸ ಹುಡುಗಿ ಎದ್ದಳು. ಬಂದ ವಾರದಲ್ಲೇ ಅವಳಿಗೆ ರೇಡಿಯೋ ಎಂದು ಹೆಸರು ಬಿದ್ದಿದೆ — ಆರಿಸುವ ಗುಂಡಿಯೇ ಇಲ್ಲ. "ಇದರಲ್ಲಿ ಕೇಳೋದೇನಿದೆ ಸಾರ್, ಬಿಳಿ ಮೇಲಿರೋದೇ ಕಪ್ಪು!" ಎಂದಳು. ಮೇಷ್ಟ್ರು ಎರಡನ್ನೂ ಕಿತ್ತು ಪಕ್ಕಪಕ್ಕ ಹಿಡಿದರು. ಒಂದೇ ಕಾಗದ. ಎಲ್ಲರೂ ನಕ್ಕರು. ಎಲ್ಲರಿಗಿಂತ ಜೋರಾಗಿ ಅವಳೇ ನಕ್ಕಳು.

"ನಗಬೇಡಿ. ಇವಳ ಕಣ್ಣು ಸರಿಯಾಗೇ ಕೆಲಸ ಮಾಡ್ತಿದೆ," ಎಂದರು ಮೇಷ್ಟ್ರು. "ಕಣ್ಣು ಇದ್ದದ್ದನ್ನ ಇದ್ದ ಹಾಗೆ ನೋಡಲ್ಲ. ಪಕ್ಕದ್ದಕ್ಕೆ ಹೋಲಿಸಿ ನೋಡುತ್ತೆ."

ತಪ್ಪು ಹೇಳಿ ಹೊಗಳಿಸಿಕೊಂಡಳು. ಸರಿ ಗೊತ್ತಿದ್ದವಳು ಬೆಂಚಿನ ತುದಿಯಲ್ಲಿ ಉಗುರು ಕಚ್ಚುತ್ತಾ ಕೂತಿದ್ದೆ.

ಜೂನ್ ೭

ಹೊಸ ಕೆಲಸ ಕೊಟ್ಟಿದ್ದಾರೆ. ಮನೆಯವರೊಬ್ಬರ ಮುಖ. ಕಿಟಕಿಯ ಬೆಳಕು ಮಾತ್ರ, ಫ್ಲ್ಯಾಶ್ ಕೂಡದು. ಎಲ್ಲಕ್ಕಿಂತ ಒಳ್ಳೆಯದನ್ನು ದೊಡ್ಡದು ಮಾಡಿ, ಪ್ರದರ್ಶನದ ದಿನ ಬಾಗಿಲಿನ ಎದುರು ಗೋಡೆಗೆ ಹಾಕುತ್ತಾರೆ. ಆ ಗೋಡೆಗೆ ಒಂದೇ ಚಿತ್ರ. ಉಳಿದವೆಲ್ಲ ಒಳಗಿನ ಓಣಿಯಲ್ಲಿ, ನೀರಿನ ಫಿಲ್ಟರ್ ಪಕ್ಕದಲ್ಲಿ.

ಆ ಗೋಡೆ ನನಗೆ ಬೇಕು. ಇಲ್ಲಿ ಬರೆದರೆ ಯಾರೂ ಓದುವುದಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ — ಬೇಕು.

ನನಗೆ ಮನೆಯವರು ಎಂದರೆ ಅಮ್ಮ. ಹೋಟೆಲಿನ ಬಟ್ಟೆಗಳು ಬರುವ ಲಾಂಡ್ರಿಯಲ್ಲಿ ಇಸ್ತ್ರಿ ಮೇಜು ಅವಳದು. ಐದನೇ ಕ್ಲಾಸಿಗೆ ಸ್ಕೂಲು ಬಿಟ್ಟಾಗಿನಿಂದ ನಾನೂ ಅಲ್ಲೇ ಬಟ್ಟೆ ಮಡಿಸಿ ಬೆಳೆದವಳು. ಆರ್ಟ್ ಸ್ಕೂಲಿನ ಸಂಜೆ ಕ್ಲಾಸಿಗೆ ಕೈಕೆಲಸ ನೋಡಿ ಸೇರಿಸಿಕೊಂಡರು, ಮಾರ್ಕ್ಸ್ ಕೇಳಲಿಲ್ಲ. ಅವತ್ತು ಅಮ್ಮ ಇಡೀ ಲಾಂಡ್ರಿಗೆ ಹೇಳಿಕೊಂಡು ಬಂದಿದ್ದಳು. ಅವಳ ಮುಖ ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು?

ಜೂನ್ ೯, ಮಧ್ಯಾಹ್ನ

ಲಾಂಡ್ರಿಯಲ್ಲೇ ಅಮ್ಮನನ್ನು ಕಿಟಕಿ ಪಕ್ಕ ನಿಲ್ಲಿಸಿದೆ. ನಿಂತಳು, ಪೊಲೀಸ್ ಸ್ಟೇಷನ್ನಿನಲ್ಲಿ ನಿಲ್ಲಿಸಿದ ಹಾಗೆ. ಕ್ಯಾಮೆರಾ ಎತ್ತಿದರೆ ಸಾಕು, ಮುಖ ಒಂದು ಕಡೆಗೆ ವಾಲಿಸುತ್ತಾಳೆ.

"ನೇರ ನೋಡಮ್ಮಾ."

"ನೇರಾನೇ ನೋಡ್ತಿದ್ದೀನಲ್ಲೇ."

"ಎಲ್ಲಿ? ಕತ್ತು ಹಿಡಿದುಕೊಂಡ ಕೋಳಿ ಥರ ಇದ್ದೀಯ."

ಗದ್ದ ಹಿಡಿದು ನೇರ ಮಾಡಿದೆ. ಬಿಟ್ಟ ತಕ್ಷಣ ಮತ್ತೆ ವಾಲಿಸಿದಳು. ಮತ್ತೆ ನೇರ ಮಾಡಿದೆ. ಕೊನೆಗೆ ಉಸಿರು ಬಿಗಿಹಿಡಿದು ನಿಂತಳು. ತೆಗೆದೆ.

ಜೂನ್ ೧೨

ಪ್ರಿಂಟ್ ಮಾಡಿದೆ. ಹಿಂದಿನ ಬೆಡ್‌ಶೀಟ್‌ಗಳು ಬಿಳಿಯಾಗಿಯೇ ಬಂದಿವೆ. ಕ್ಯಾಮೆರಾಕ್ಕೆ ಬಿಳಿ ಅಂದರೇನು ಎಂದು ಗೊತ್ತಿಲ್ಲ, ಎಲ್ಲವನ್ನೂ ಬೂದು ಎಂದೇ ತಿಳಿಯುತ್ತದೆ. ಬಿಳಿ ಬೇಕಿದ್ದರೆ ನಾವೇ ಇನ್ನಷ್ಟು ಬೆಳಕು ಬಿಡಬೇಕು. ಬಿಟ್ಟಿದ್ದೆ. ಸೆರಗಿನ ಒಂದೊಂದು ನೂಲೂ ಕಾಣುತ್ತದೆ. ಎಡಗಣ್ಣಿನಲ್ಲಿ ಒಂದು ಧೂಳಿನ ಚುಕ್ಕೆ ಇತ್ತು. ತುಂಬಿ ಮುಚ್ಚಿದೆ. ಮುಚ್ಚಿದ್ದೇ ಗೊತ್ತಾಗುವುದಿಲ್ಲ.

ಮೇಷ್ಟ್ರು ಪ್ರಿಂಟನ್ನು ದೂರ ಹಿಡಿದರು, ಹತ್ತಿರ ಹಿಡಿದರು.

"ಕೆಲಸ ಚೊಕ್ಕ. ಬೆಡ್‌ಶೀಟ್ ಇದೆ, ಕಿಟಕಿ ಇದೆ, ಸೀರೆ ಇದೆ… ಅಮ್ಮ ಎಲ್ಲಮ್ಮಾ?"

ಕ್ಲಾಸಿನಲ್ಲಿ ಯಾರೂ ನಗಲಿಲ್ಲ. ನಕ್ಕಿದ್ದರೆ ವಾಸಿಯಿತ್ತು.

ಜೂನ್ ೧೩

ರೇಡಿಯೋ ಬಸ್ ಸ್ಟಾಪಿನವರೆಗೂ ಬೆನ್ನು ಹತ್ತಿದಳು.

"ನಮ್ಮನೆ ಇಲ್ಲಿಂದ ರೈಲಲ್ಲಿ ಒಂದು ಹಗಲು ಒಂದು ರಾತ್ರಿ ಕಣೇ. ಮನೆಯವರ ಮುಖ ಅಂದ್ರೆ ನಾನೆಲ್ಲಿಗೆ ಹೋಗ್ಲಿ? ವಾರ್ಡನ್ ಮುಖ ತೆಗೆದ್ರೆ ಲೆನ್ಸ್ ಬಿರುಕು ಬಿಡುತ್ತೆ. ಮೇಷ್ಟ್ರನ್ನ ಕೇಳ್ದೆ, ಸ್ನೇಹಿತರ ಮನೆಯವರಾದ್ರೂ ಆಗುತ್ತೆ ಅಂದ್ರು. ನಿಮ್ಮಮ್ಮನ್ನ ಒಂದು ಮಧ್ಯಾಹ್ನ ಕೊಡೇ. ಹಾಗೇ ವಾಪಸ್ ಕೊಡ್ತೀನಿ, ಒಂದು ಸುಕ್ಕೂ ಬೀಳಿಸಲ್ಲ."

ಸ್ನೇಹಿತರಂತೆ! ಯಾವಾಗಿನಿಂದ?

'ಹ್ಞೂಂ' ಎಂದೆ. ನನ್ನ ನಾಲಿಗೆಗೆ ಬೆಂಕಿ ಹಾಕ.

ಜೂನ್ ೧೬, ಭಾನುವಾರ

ಬಂದಳು. ಲಾಂಡ್ರಿಯ ಬಾಗಿಲಲ್ಲೇ "ಅಮ್ಮಾ" ಎಂದು ಕರೆದಳು. ಆಂಟಿ ಎನ್ನಬಹುದಿತ್ತು.

ಬಂದು ಎಷ್ಟೋ ಹೊತ್ತು ಕ್ಯಾಮೆರಾ ಚೀಲದಿಂದ ತೆಗೆಯಲೇ ಇಲ್ಲ. ಮೇಜಿನ ಆ ಕಡೆ ನಿಂತು ದಿಂಬಿನ ಕವರ್ ಮಡಿಸಿಕೊಡುತ್ತಾ ಮಾತು, ಮಾತು, ಮಾತು. ಮಡಿಸಿದ್ದೂ ಸೊಟ್ಟಗೆ. ಆಮೇಲೆ ಒಂದು ಬೆಡ್‌ಶೀಟ್ ಎಳೆದು, ದೊಡ್ಡಮ್ಮನ ಕೈಗೆ ಎರಡು ತುದಿ ಕೊಟ್ಟು, ಅಮ್ಮನ ಇನ್ನೊಂದು ಪಕ್ಕದಲ್ಲಿ, ಕಿಟಕಿಗೆ ಎದುರಾಗಿ ಪರದೆಯ ಹಾಗೆ ಹಿಡಿಸಿದಳು. ಕಿಟಕಿಯ ಬೆಳಕು ಅದಕ್ಕೆ ಬಡಿದು ಅಮ್ಮನ ನೆರಳಲ್ಲಿದ್ದ ಕೆನ್ನೆಯ ಮೇಲೆ ಬಿತ್ತು. ಅಷ್ಟು ವರ್ಷ ಆ ಬೆಡ್‌ಶೀಟ್‌ಗಳ ನಡುವೆಯೇ ಇದ್ದೆ. ನನಗೆ ಹೊಳೆಯಲಿಲ್ಲ.

ದೊಡ್ಡಮ್ಮ ಅಮ್ಮನ ಅಕ್ಕ, ಪಕ್ಕದ ಮೇಜಿನವಳು. "ಏನೇ ಹುಡುಗಿ, ನನ್ನ ಫೋಟೋ ತೆಗೀತೀಯಾ, ಬಟ್ಟೆ ಒಣಗಿಸೋ ಕಂಬ ಮಾಡ್ತೀಯಾ?" ಎಂದು ರೇಗಿದಳು.

"ನೀವು ಸೂರ್ಯನ್ನ ಹಿಡ್ಕೊಂಡಿದ್ದೀರ ದೊಡ್ಡಮ್ಮಾ, ಅಲ್ಲಾಡಬೇಡಿ!"

ದೊಡ್ಡಮ್ಮ ಕೂಡಾ ಅವಳಿಗೆ ದೊಡ್ಡಮ್ಮನೇ.

"ಅಲ್ಲಮ್ಮಾ," ರೇಡಿಯೋ ಕೇಳಿದಳು, "ಈ ಹೋಟೆಲಿಗೆ ಬರೋರು ಹಾಸಿಗೆ ಮೇಲೆ ಮಲಗ್ತಾರೋ, ಕುಸ್ತಿ ಆಡ್ತಾರೋ? ಏನಿದು ಸುಕ್ಕು!"

"ನಾವು ಸುಕ್ಕು ತೆಗೀತೀವಿ ಕಣೇ, ಕಾರಣ ಕೇಳಲ್ಲ," ಎಂದಳು ಅಮ್ಮ.

ನನ್ನ ಅಮ್ಮ! ಇಂಥ ಮಾತು ಅವಳ ಬಾಯಲ್ಲಿ ನಾನು ಕೇಳಿಯೇ ಇಲ್ಲ. ದೊಡ್ಡಮ್ಮ ನಕ್ಕು ನಕ್ಕು ಬೆಡ್‌ಶೀಟ್ ಬೀಳಿಸಿದಳು. ಅಮ್ಮ ಮುಖ ಓರೆ ಮಾಡಿ ರೇಡಿಯೋ ಕಡೆಗೇ ನೋಡುತ್ತಿದ್ದಳು. ಆಗ ಕ್ಯಾಮೆರಾದ ಸದ್ದು.

ಮನೆಗೆ ಬಂದ ಮೇಲೆ ಅಮ್ಮ ಕೇಳಿದಳು, "ಆ ಹುಡುಗಿ ಮತ್ತೆ ಯಾವಾಗ ಬರ್ತಾಳೆ?"

ಗೊತ್ತಿಲ್ಲ ಎಂದೆ. ಊಟಕ್ಕೆ ಹಸಿವಿಲ್ಲ ಎಂದೆ. ಹಸಿವಿತ್ತು.

ಜೂನ್ ೧೯

ಡಾರ್ಕ್‌ರೂಮಿನಲ್ಲಿ ಪಕ್ಕದ ಟ್ರೇ ಅವಳದು. ಕೆಂಪು ದೀಪ. ಬಿಳಿ ಕಾಗದ ಡೆವಲಪರ್ ದ್ರಾವಣಕ್ಕೆ ಇಳಿಯಿತು. ನೋಡಬಾರದು ಎಂದುಕೊಂಡೆ, ನೋಡಿದೆ. ಮೊದಲು ಕೂದಲು ಬಂತು. ಆಮೇಲೆ ಹುಬ್ಬು, ಕಣ್ಣು. ನೀರಿನ ತಳದಿಂದ ಎದ್ದು ಬರುವ ಹಾಗೆ ಅಮ್ಮ ಬಂದಳು.

ಮುಖ ಸ್ವಲ್ಪ ಓರೆ. ಬಾಯಿ ಇನ್ನೂ ನಕ್ಕಿಲ್ಲ, ನಗುವ ಹೊಸ್ತಿಲಲ್ಲಿದೆ. ಆ ನೋಟ… ಎದುರಿಗಿರುವವರು ಹೇಳುವ ಒಂದು ಮಾತೂ ತಪ್ಪಿಹೋಗದಿರಲಿ ಎನ್ನುವ ಹಾಗೆ.

ಮೇಷ್ಟ್ರು ಬೆಳಕಿಗೆ ತಂದು ನೋಡಿದರು. ಆಮೇಲೆ, "ಎಷ್ಟು ಪ್ರೀತಿ ನೋಡ್ರಪ್ಪಾ ಈ ಕಣ್ಣಲ್ಲಿ," ಎಂದರು.

ಯಾರ ಮೇಲೆ ಪ್ರೀತಿ? ಅವಳ ಮೇಲೆ! ಒಂದು ಮಧ್ಯಾಹ್ನದ ಪರಿಚಯ. ನಾನು ಹುಟ್ಟಿದಾಗಿನಿಂದ ಎದುರಿಗಿದ್ದೇನೆ — ನನಗೆ ಪೊಲೀಸ್ ಸ್ಟೇಷನ್ ಮುಖ, ಅವಳಿಗೆ ಇದು. ನಮ್ಮ ಮನೆಯಿಂದ ಏನೋ ಎತ್ತಿಕೊಂಡು ಹೋಗಿ, ನನ್ನೆದುರೇ ಒಣಗಲು ನೇತುಹಾಕಿದ ಹಾಗಿತ್ತು.

ಜೂನ್ ೨೧

ಅಮ್ಮನನ್ನು ಮತ್ತೆ ಕಿಟಕಿ ಪಕ್ಕ ನಿಲ್ಲಿಸಿದೆ. ಬೆಡ್‌ಶೀಟನ್ನು ಕುರ್ಚಿಗೆ ಕಟ್ಟಿದೆ. ಎಲ್ಲ ಅವಳು ಮಾಡಿದ ಹಾಗೇ. ಆ ನೋಟ ಬರಲಿಲ್ಲ.

ಜೂನ್ ೨೪

ಮತ್ತೆ. ಬರಲಿಲ್ಲ.

ಜೂನ್ ೨೭, ರಾತ್ರಿ

ಬೆಳಿಗ್ಗೆ ಜಗಳವಾಯಿತು.

"ಅವತ್ತು ಅವಳ ಹತ್ರ ನಕ್ಕೆಯಲ್ಲ, ಹಾಗೆ ನಗು."

"ಬೇಕು ಅಂದಾಗ ಬರೋಕೆ ಅದೇನು ನಲ್ಲಿ ನೀರೇನೇ?"

"ಅವಳಿಗೆ ಬಂತಲ್ಲ."

"ಅವಳು ಮಾತಾಡ್ತಾಳೆ. ನೀನು ಬರೀ ಗದ್ದ ತಿರುಗಿಸ್ತೀಯ."

ಚಪ್ಪಲಿ ಮೆಟ್ಟಿಕೊಂಡು ಹೊರಟೆ. ಲಾಂಡ್ರಿಯಲ್ಲಿ ಮಧ್ಯಾಹ್ನ ಅಮ್ಮ ಒಂದು ಬಿಳಿ ಷರ್ಟಿನ ಕಾಲರ್ ಸುಟ್ಟಳಂತೆ. ಇಷ್ಟು ವರ್ಷದಲ್ಲಿ ಇಲ್ಲದ್ದು. ದೊಡ್ಡಮ್ಮ ನನ್ನನ್ನು ಮೂಲೆಗೆ ಕರೆದು, "ಅವಳನ್ನ ಗೋಳು ಹೊಯ್ಕೋಬೇಡ ಕಣೇ, ಸುಮ್ನೆ ಬಿಡು," ಎಂದಳು. ಇನ್ನೇನೋ ಹೇಳುವವಳಿದ್ದಳು. ಹೇಳಲಿಲ್ಲ.

ನನ್ನಿಂದಲೇ ಸುಟ್ಟಿತು ಅನ್ನುವ ಹಾಗೆ. ಆ ರೇಡಿಯೋಗೆ ಮಾತ್ರ ಯಾರೂ ಏನೂ ಅನ್ನುವುದಿಲ್ಲ.

ಜುಲೈ ೨

ಎದುರು ಗೋಡೆ ಅವಳಿಗೇ. ಮೇಷ್ಟ್ರು ಇವತ್ತು ಹೇಳಿದರು.

ಅವಳು ಪ್ರಿಂಟ್ ಹಿಡಿದು ಸೀದಾ ನನ್ನ ಬೆಂಚಿಗೆ ಬಂದಳು. "ನೀನೇ ಸ್ಪಾಟಿಂಗ್ ಮಾಡಿಕೊಡಬೇಕು ಕಣೇ. ನಿಮ್ಮಮ್ಮನ ಮುಖದ ಮೇಲೆ ಬೇರೆ ಯಾರ ಬ್ರಷ್ಷೂ ಬೇಡ."

ಕ್ಲಾಸಿನವರೆಲ್ಲ ಸುತ್ತ ನಿಂತಿದ್ದರು. ತಪ್ಪು ಹುಡುಕಲೆಂದೇ ಬಗ್ಗಿದೆ. ಆ ಪ್ರಿಂಟನ್ನು ಅಷ್ಟು ಹತ್ತಿರದಿಂದ ಅವಳೂ ನೋಡಿರಲಿಕ್ಕಿಲ್ಲ. ಸಿಕ್ಕಿತು. ಎಡಗಣ್ಣಿನ ಪಾಪೆಯ ನಡುವೆ, ಬಿಳಿ.

ನನಗೆ ಎಲ್ಲಿಂದ ಅಷ್ಟು ದನಿ ಬಂತೋ. "ಧೂಳು ಒರೆಸೋಕೂ ಬರಲ್ಲ. ಇದೇನಾ ಎದುರು ಗೋಡೆಗೆ ಹೋಗೋ ಕೆಲಸ? ನೋಡಿ ಎಲ್ಲ, ಕಣ್ಣಲ್ಲೇ ಕೂತಿದೆ!"

ರೇಡಿಯೋ ಬಗ್ಗಿ ನೋಡಿದಳು. ನನ್ನ ಮುಖ ನೋಡಿದಳು.

"ಅದು ಧೂಳಲ್ಲ," ಎಂದಳು ಮೆಲ್ಲಗೆ.

"ಮತ್ತೇನು?"

ಅವಳು ಕೈ ಹಿಡಿದು ಹೊರಗೆ ಓಣಿಗೆ ಕರೆದುಕೊಂಡು ಹೋದಳು. ಇಡೀ ರೋಲಿನ ಚಿತ್ರಗಳು ಒಂದೇ ಹಾಳೆಯಲ್ಲಿ ಸಣ್ಣಸಣ್ಣದಾಗಿ ಇರುತ್ತವಲ್ಲ, ಆ ಹಾಳೆಯನ್ನೂ ಭೂತಗನ್ನಡಿಯನ್ನೂ ಕೊಟ್ಟಳು. "ಎಲ್ಲಾದ್ರಲ್ಲೂ ಇದೆ ನೋಡು. ಧೂಳಾಗಿದ್ರೆ ಒಂದರಲ್ಲಿರ್ತಿತ್ತು. ಮುಖ ತಿರುಗಿಸಿದ ಕಡೆಗೆಲ್ಲ ಕಣ್ಣಿನ ಜೊತೆ ಹೋಗುತ್ತಾ? ನಮ್ಮಜ್ಜಿಗೂ ಹೀಗೇ ಇತ್ತು… ಪೊರೆ. ನಿಂಗೆ ಗೊತ್ತಿದೆ ಅನ್ಕೊಂಡಿದ್ದೆ ಕಣೇ. ಮನೇಲೇ ಇರೋಳು."

ನೋಡಿದೆ. ಒಂದೊಂದರಲ್ಲೂ ಇತ್ತು. ಬಲಗಣ್ಣಿನ ಪಾಪೆ ಕಪ್ಪು, ಎಡಗಣ್ಣಿನದು ಸುಣ್ಣದ ನೀರಿನ ಹಾಗೆ. ಎಲ್ಲದರಲ್ಲೂ ಅಮ್ಮ ಮುಖ ಓರೆ ಮಾಡಿ ಬಲಗಣ್ಣನ್ನೇ ಮುಂದೆ ತಂದಿದ್ದಾಳೆ. ಕಾಣಲಿ ಎಂದು. ಅಷ್ಟೇ.

ಆಮೇಲೆ ನನ್ನ ಪ್ರಿಂಟ್ ನೆನಪಾಯಿತು. ನನ್ನ ನೆಗೆಟಿವ್ ತೆಗೆದು ದೀಪಕ್ಕೆ ಹಿಡಿದೆ. ಅಲ್ಲೂ ಇತ್ತು.

ಅಮ್ಮನ ಕಣ್ಣಿನ ಪೊರೆಗೆ ಮಸಿ ಬಳಿದಿದ್ದೆ. ಚೆನ್ನಾಗಿ ಬಳಿದಿದ್ದೆ. ಮುಚ್ಚಿದ್ದೇ ಗೊತ್ತಾಗದ ಹಾಗೆ.

ಜುಲೈ ೩, ಬೆಳಿಗ್ಗೆ ಆರು

ಅಮ್ಮ ಕಾಫಿ ಸೋಸುತ್ತಿದ್ದಳು. ಅವಳ ಎಡಕ್ಕೆ ಹೋಗಿ ನಿಂತೆ, ಒಂದು ಮಾರು ದೂರದಲ್ಲಿ. ಸುಮ್ಮನೆ ನಿಂತೆ. ಸೋಸಿ ಮುಗಿಸಿ, "ಏಳೇ, ಎಷ್ಟು ಹೊತ್ತು ಬಿದ್ಕೊಂಡಿರ್ತೀಯ," ಎಂದು ಒಳಕೋಣೆಯ ಕಡೆಗೆ ಕೂಗಿದಳು.

ಇಲ್ಲೇ ಇದ್ದೀನಮ್ಮಾ ಎಂದೆ. ಬೆಚ್ಚಿದಳು. ಸೋಸುವ ಬಟ್ಟೆ ಕೈಯಿಂದ ಜಾರಿತು.

"ಯಾವಾಗಿಂದ?" ಎಂದು ಕೇಳಿದೆ.

ಏನು ಎಂದು ಅವಳು ಕೇಳಲಿಲ್ಲ. "ನೀನು ಕ್ಲಾಸಿಗೆ ಸೇರಿದಾಗಿಂದ," ಎಂದಳು. ಆಮೇಲೆ, "ಅದಕ್ಕೂ ಸ್ವಲ್ಪ ಮುಂಚೆ."

"ದೊಡ್ಡಮ್ಮಂಗೆ ಗೊತ್ತಾ?"

"ಕಾಲರ್, ಮಡಿಕೆ ಎಲ್ಲ ಅವಳೇ ನೋಡಿಕೊಡ್ತಾಳೆ. ಲಾಂಡ್ರಿ ಯಜಮಾನಿಗೆ ಗೊತ್ತಾದ್ರೆ ಮೇಜಿಂದ ಎಬ್ಬಿಸ್ತಾರೆ."

"ನಂಗ್ಯಾಕೆ ಹೇಳಲಿಲ್ಲ?"

"ಹೇಳಿದ್ರೆ? ನಾಳೆನೇ ಕ್ಲಾಸು ಬಿಟ್ಟು ಬಂದು ನನ್ನ ಜಾಗದಲ್ಲಿ ಇಸ್ತ್ರಿ ಹಿಡೀತಿದ್ದೆ. ನೀನಾಗಿ ಕೇಳಲಿ ಅಂತಿದ್ದೆ. ನೀನೋ, ಮುಖ ನೇರ ಮಾಡು, ಮುಖ ನೇರ ಮಾಡು…"

ನಕ್ಕಳು. ನನಗೆ ಅಳು ಬಂತು. ಅಳುವಾಗಲೂ ಒಂದು ಕೆಟ್ಟ ಯೋಚನೆ — ಆ ರೇಡಿಯೋಗೆ ಒಂದು ಮಧ್ಯಾಹ್ನ ಸಾಕಾಯಿತಲ್ಲ. ಪರಕೀಯಳಿಗೆ. ಇದು ಯಾವ ಜಾತಿಯ ಹೊಟ್ಟೆಕಿಚ್ಚು? ಅಮ್ಮನ ಕಣ್ಣು ಹೋಗುತ್ತಿದೆ, ನನಗೆ ಅದನ್ನು ಕಂಡುಹಿಡಿದವಳು ಯಾರು ಎಂಬುದೇ ಉರಿ.

ಜುಲೈ ೨೦

ಬರೆಯಲು ಆಗಿರಲಿಲ್ಲ. ಯಜಮಾನಿಯ ಹತ್ತಿರ ನಾನೇ ಹೋಗಿ ಹೇಳಿದೆ. ನನ್ನ ಬಾಯಿಂದಲೇ. ಅಮ್ಮ ವಾಸಿಯಾಗುವವರೆಗೆ ಮೇಜು ನನ್ನದು, ಆಮೇಲೆ ಮತ್ತೆ ಅವಳದು. ಒಪ್ಪಿದರು. ಕ್ಲಾಸಿಗೆ ಹೋಗಿಲ್ಲ. ಕೈಗೆ ಎರಡು ಕಡೆ ಸುಟ್ಟ ಗುಳ್ಳೆ.

ಡಾಕ್ಟರು ಎಡಗಣ್ಣಿಗೆ ಮುಂದಿನ ತಿಂಗಳು ಆಪರೇಷನ್ ಎಂದಿದ್ದಾರೆ. ಬಲಗಣ್ಣಿನಲ್ಲೂ ಶುರುವಾಗಿದೆಯಂತೆ, ಅದಕ್ಕೆ ಅವಸರವಿಲ್ಲ. "ನಿಮ್ಮ ಎದುರಿಗಿರೋರ ಮುಖ ಇಷ್ಟು ದಿನ ಮಂಜಿನಲ್ಲಿ ಕಂಡ ಹಾಗೆ ಕಂಡಿರುತ್ತೆ," ಎಂದರು. ಅಮ್ಮ, "ದನಿ ಗೊತ್ತಿದ್ರೆ ಸಾಕಲ್ವಾ ಸಾರ್," ಎಂದಳು.

ಜುಲೈ ೨೬

ರೇಡಿಯೋ ಲಾಂಡ್ರಿಗೆ ಬಂದಿದ್ದಳು. ಅಮ್ಮ ಇರಲಿಲ್ಲ, ನಾನೇ ಮೇಜಿನಲ್ಲಿ. ಪ್ರಿಂಟ್ ತಂದಿದ್ದಳು. ಕಣ್ಣಿನ ಬಿಳಿಯನ್ನು ಹಾಗೇ ಬಿಟ್ಟಿದ್ದಾಳೆ.

"ಕ್ಲಾಸಲ್ಲಿ ಕೆಲವರು ತುಂಬಿಬಿಡು ಅಂತಾರೆ. ಮೇಷ್ಟ್ರು ನಿನ್ನ ಕೇಳು ಅಂದ್ರು. ನಿಮ್ಮಮ್ಮ. ನೀನೇ ಹೇಳು, ತುಂಬಲಾ, ಬಿಡಲಾ? ಗೋಡೆಗೇ ಬೇಡ ಅಂದ್ರೂ ಸರಿ, ಹಾಕಲ್ಲ."

ಬೇಡ ಎನ್ನಬಹುದಿತ್ತು. ಒಂದೇ ಮಾತು. ಎದುರು ಗೋಡೆ ಖಾಲಿಯಾಗುತ್ತಿತ್ತು. ಇಸ್ತ್ರಿ ಕೈಯಲ್ಲೇ ಹಿಡಿದು ನಿಂತಿದ್ದೆ. ಬಟ್ಟೆಯ ಮೇಲಿಟ್ಟಿದ್ದರೆ ಇನ್ನೊಂದು ಕಾಲರ್ ಹೋಗುತ್ತಿತ್ತು.

"ಅಮ್ಮನ್ನೇ ಕೇಳಬೇಕು," ಎಂದೆ. ಸಂಜೆ ಕೇಳಿದೆ.

"ಇದ್ದದ್ದು ಇರಲಿ ಬಿಡೇ," ಎಂದಳು ಅಮ್ಮ. "ಮುಚ್ಚಿಟ್ಟು ಸಾಕಾಗಿದೆ."

ಬಿಳಿ ಹಾಗೇ ಬಿಡು ಎಂದು ರೇಡಿಯೋಗೆ ಹೇಳಿದೆ. ಒಳ್ಳೆಯ ಮನಸ್ಸಿನಿಂದ ಹೇಳಿದೆ ಎಂದು ಬರೆಯಲಾರೆ. ಬಿಟ್ಟದ್ದೇ ಸರಿ, ಬಿಟ್ಟರೇ ಆ ಚಿತ್ರ ಇನ್ನೂ ಚೆಂದ. ಅದಕ್ಕೂ ಉರಿಯಿತು.

ಆಗಸ್ಟ್ ೮, ಆಸ್ಪತ್ರೆ

ಆಪರೇಷನ್ ಆಯಿತು. ಸಲೀಸು. ಅಮ್ಮನ ಕಣ್ಣಿಗೆ ಹತ್ತಿ, ಪಟ್ಟಿ. ನಾಳೆ ಬಿಚ್ಚುತ್ತಾರೆ. ಇವತ್ತೇ ಪ್ರದರ್ಶನ ಶುರು. ಅಮ್ಮ ಒಬ್ಬಳೇ ಎರಡು ಕಡೆ — ಇಲ್ಲಿ ಹಾಸಿಗೆಯ ಮೇಲೆ, ಅಲ್ಲಿ ಗೋಡೆಯ ಮೇಲೆ. ದೊಡ್ಡಮ್ಮ ಹೋಗಿ ನೋಡಿ ಬಂದಳು. "ನಿಮ್ಮಮ್ಮ ಬಾಗಿಲಲ್ಲೇ ಕೂತು ಬಂದವರನ್ನೆಲ್ಲ ವಿಚಾರಿಸ್ಕೊಳ್ಳೋ ಹಾಗಿದೆ ಕಣೇ," ಎಂದಳು.

ಕ್ಯಾಮೆರಾ ತಂದಿದ್ದೇನೆ. ಪಟ್ಟಿ ಬಿಚ್ಚಿದ ಮೇಲಿನ ಮೊದಲ ನೋಟ ನನ್ನದು. ಅದನ್ನಾದರೂ ಯಾರೂ ತೆಗೆದುಕೊಳ್ಳುವ ಹಾಗಿಲ್ಲ.

ಆಗಸ್ಟ್ ೯, ಮಧ್ಯಾಹ್ನ

ಬಿಚ್ಚಿದರು. ಅಮ್ಮ ಕಣ್ಣು ಪಿಳುಕಿಸಿದಳು. ನೀರು ಸುರಿಯಿತು. ನರ್ಸ್ ಒರೆಸಿದರು. ಆಮೇಲೆ ಕಿಟಕಿ ನೋಡಿದಳು, ಸೂರು ನೋಡಿದಳು, "ಅಯ್ಯೋ, ಬಿಳಿ ಅಂದ್ರೆ ಇಷ್ಟು ಬಿಳೀನಾ! ಲಾಂಡ್ರೀಲಿ ಒಗೆದದ್ದೇ ಸರಿಯಿಲ್ಲ ಅನ್ಕೊಂಡಿದ್ದೆ," ಎಂದಳು. ನಾನು ಕ್ಯಾಮೆರಾ ಎತ್ತಿದೆ. ಮುಖ ನೇರ. ತಾನಾಗಿಯೇ ನೇರ. ಗದ್ದ ಹಿಡಿಯಬೇಕಿಲ್ಲ.

ಆ ಓರೆ ನೋಟ ಇನ್ನು ಇಲ್ಲ ಎಂದು ಆಗ ಹೊಳೆಯಿತು. ಎಷ್ಟು ಕಾದರೂ ನನಗೆ ಸಿಗುವುದಿಲ್ಲ. ಅದು ರೇಡಿಯೋ ಹತ್ತಿರ ಮಾತ್ರ.

ಗುಂಡಿ ಒತ್ತುವುದರೊಳಗೆ ಅಮ್ಮ ಬಾಗಿಲ ಕಡೆ ತಿರುಗಿದಳು. "ಆ ಹುಡುಗಿ ಬರಲಿಲ್ವಾ? ಅವಳ ಮುಖ ನಾನು ಸರಿಯಾಗಿ ನೋಡೇ ಇಲ್ಲ ಕಣೇ."

ಬಂದಳು. ಬಾಗಿಲ ಆಚೆಯೇ ಕಾಯುತ್ತಿದ್ದಳಂತೆ, ನಾನು ಕರೆಯಲಿ ಎಂದು. ಕರೆದದ್ದು ದೊಡ್ಡಮ್ಮ.

"ಇಷ್ಟೇ ಇದ್ದೀಯೇನೇ ನೀನು!" ಎಂದಳು ಅಮ್ಮ. "ಆ ದನಿ ಕೇಳಿ ಆರಡಿ ಇದ್ದೀಯ ಅನ್ಕೊಂಡಿದ್ದೆ."

ನಕ್ಕರು. ಎಲ್ಲರೂ. ಅವಳು ಮಾತಾಡಿದಳು, ಪ್ರದರ್ಶನಕ್ಕೆ ಬಂದವರು ಏನೇನು ಅಂದರು, ಮೇಷ್ಟ್ರು ಟೈ ಕಟ್ಟಿಕೊಂಡು ಬಂದಿದ್ದರು, ಎಲ್ಲ. ನಾನು ಕ್ಯಾಮೆರಾ ಮುಚ್ಚಿ ಕಿಟಕಿಯ ಕಟ್ಟೆಯ ಮೇಲೆ ಕೂತೆ. ಹೊತ್ತಾದ ಮೇಲೆ ಹೋದಳು. ಹೋಗುವಾಗ ನನ್ನ ಭುಜ ಮುಟ್ಟಿದಳು. ನಾನು ಹೊರಗೆ ನೋಡುತ್ತಿದ್ದೆ.

ದೊಡ್ಡಮ್ಮ ಅವಳನ್ನು ಬಸ್ಸು ಹತ್ತಿಸಲು ಹೋಗಿದ್ದಾಳೆ. ಈಗ ನಾವಿಬ್ಬರೇ. ಬರೆಯುತ್ತಾ ಕೂತಿದ್ದೇನೆ, ಅಮ್ಮ ಮಲಗಿದ್ದಾಳೆ ಎಂದುಕೊಂಡು. ಮಲಗಿಲ್ಲ.

"ಇಲ್ಲಿ ನೋಡೇ," ಎಂದಳು.

ನೋಡಿದೆ.

"ಅವಳು ಬಂದಾಗಿಂದ ನೋಡ್ತಾನೇ ಇದ್ದೀನಿ. ಯಾಕೆ ನಿನ್ನ ಮುಖ ಹಾಗಿದೆ?"

"ಹೇಗಿದೆ?"

"ಯಾರೋ ನಿನ್ನ ತಟ್ಟೆಗೆ ಕೈ ಹಾಕಿದ ಹಾಗೆ."

ಏನಿಲ್ಲಮ್ಮಾ ಎಂದೆ.

"ನಂಗೀಗ ಕಾಣುತ್ತೆ," ಎಂದಳು. ಸಿಟ್ಟಿನಿಂದಲ್ಲ. "ಎಷ್ಟು ದಿನದಿಂದ ಹೀಗಿದೆಯೇ ಈ ಮುಖ?"

ಬರೆಯುತ್ತಿದ್ದೇನೆ. ಅವಳು ಇನ್ನೂ ನೋಡುತ್ತಲೇ ಇದ್ದಾಳೆ, ಎರಡೂ ಕಣ್ಣು ನನ್ನ ಮೇಲೇ. ತಪ್ಪಿಸಿಕೊಳ್ಳುವ ಹಾಗಿಲ್ಲ. ಹೇಳಬೇಕು. ಎಲ್ಲಿಂದ ಶುರು ಮಾಡುವುದೋ ಗೊತ್ತಿಲ್ಲ. ಪಕ್ಕದಲ್ಲಿ ಬಂದು ಕೂರು ಎಂದು ಜರುಗಿ ಜಾಗ ಬಿಡುತ್ತಿದ್ದಾಳೆ. ಹೋಗಿ ಕೂರುತ್ತೇನೆ.